ಗಾಲಿ ಬಿಡದ ಬ್ರೇಕು

ಕಾರು ಹೊರಡುವುದಿಲ್ಲ ಎಂದರೆ ಊರಿಗೆ ಅರ್ಥವಾಗುತ್ತದೆ, ನಾಲ್ಕು ಜನ ಬಂದು ತಳ್ಳುತ್ತಾರೆ. ಕಾರು ನಿಲ್ಲುವುದಿಲ್ಲ ಎಂದರೂ ಅರ್ಥವಾಗುತ್ತದೆ, ಎಲ್ಲರೂ ಓಡಿಹೋಗಿ ಜಗಲಿ ಹತ್ತುತ್ತಾರೆ. ಆದರೆ ಎಂಜಿನ್ನು ಒದರುತ್ತಿದ್ದು, ಗೇರು ಬಿದ್ದಿದ್ದು, ಗಾಡಿ ಮಾತ್ರ ಸಂತೆಗೆ ಮಾರಲು ಹಿಡಿದುಕೊಂಡು ಹೊರಟ ಎತ್ತಿನ ಹಾಗೆ ಹಿಂದಕ್ಕೆ ಜಗ್ಗುತ್ತಲೇ ಮುಂದಕ್ಕೆ ಹೋಗುವುದೆಂದರೆ ಅದು ಬೆಸಗರಹಳ್ಳಿಯ ಸುತ್ತಮುತ್ತ ಯಾರೂ ಕಂಡ ರೋಗವಲ್ಲ. ಹಾಗಾಗಿ ಚಿಕ್ಕಣ್ಣನ ಹಳೆಯ ಬಿಳಿ ಕಾರಿಗೆ ಆ ರೋಗ ಬಂದಾಗ ಊರಿನಲ್ಲಿ ಮದ್ದು ಹೇಳದವರೇ ಉಳಿಯಲಿಲ್ಲ.

ಬೇರೆ ದಿನಗಳಲ್ಲಾಗಿದ್ದರೆ ಚಿಕ್ಕಣ್ಣ ಕಾರನ್ನು ಕೊಟ್ಟಿಗೆಗೆ ಸೇರಿಸಿ ಸುಮ್ಮನಿರುತ್ತಿದ್ದ. ಅವನದು ಕಬ್ಬಿನ ಬೇಸಾಯ. ಗದ್ದೆಗೆ ಕಾರು ಬೇಕಾಗುವುದಿಲ್ಲ. ಈಗ ಹಾಗಿರುವಂತಿರಲಿಲ್ಲ. ಮಳವಳ್ಳಿಗೆ ಕೊಟ್ಟಿದ್ದ ಒಬ್ಬಳೇ ಮಗಳು ದೀಪಿಕ ತುಂಬಿದ ಬಸುರಿ. ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆದುಕೊಂಡು ಬರಬೇಕಿತ್ತು. ತವರು ಎಂದರೆ ಚಿಕ್ಕಣ್ಣ, ಚಿಕ್ಕಣ್ಣನ ಎರಡು ಹಸು, ಗೋಡೆಯ ಮೇಲೆ ಹೆಂಡತಿ ಚಿಕ್ಕಬೋರಮ್ಮನ ಫೋಟೋ. ಆಕೆ ತೀರಿಕೊಂಡು ವರ್ಷದ ಕಾರ್ಯವೂ ಮುಗಿದಿತ್ತು.

ಎಡವಟ್ಟಾದದ್ದು ಸೀಮಂತದ ಪಂಕ್ತಿಯಲ್ಲಿ. ಮಳವಳ್ಳಿಯ ಬೀಗರು ಜಯಪ್ರಕಾಶ್ ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತರಾದವರು. ನಿವೃತ್ತಿಯಾದದ್ದು ಕೆಲಸ, ನಾಲಿಗೆಯಲ್ಲ. ಇಡೀ ಪಂಕ್ತಿಗೆ ಕೇಳುವ ಹಾಗೆ ಅವರು ಒಂದು ಠರಾವು ಮಂಡಿಸಿದರು: ಬೀಗರ ಮನೆಯಲ್ಲಿ ಹೆಂಗಸಿಲ್ಲವಾದ ಕಾರಣ ಬಾಣಂತನ ಇಲ್ಲೇ ನಡೆಯತಕ್ಕದ್ದು. ಎಲೆಯ ಮೇಲೆ ಒಬ್ಬಟ್ಟು, ಅದರ ಮೇಲೆ ತುಪ್ಪ, ಪಕ್ಕದಲ್ಲಿ ನೂರು ಜನ. ಚಿಕ್ಕಣ್ಣ ಒಬ್ಬಟ್ಟು ಬಿಟ್ಟು ತಲೆ ಎತ್ತಿದ. ತಮ್ಮ ವಂಶದಲ್ಲಿ ಚೊಚ್ಚಲ ಹೆರಿಗೆ ತವರು ಬಿಟ್ಟು ಬೇರೆಡೆ ಆದದ್ದಿಲ್ಲವೆಂದೂ, ಅಕ್ಕ ಅಂಕಮ್ಮ ಬಂದು ಜೊತೆಗಿರುತ್ತಾಳೆಂದೂ, ನಡುಮನೆಗೆ ಆಗಲೇ ಸುಣ್ಣ ಹೊಡೆಸಿದೆನೆಂದೂ ಹೇಳಿದ. ಹಾಗಾದರೆ ನಮ್ಮ ಹೊಸ ಕಾರನ್ನಾದರೂ ಕಳಿಸುತ್ತೇವೆ ಎಂದರು ಬೀಗರು. ಅಲ್ಲಿ ಅವನಿಗೆ ರೇಗಿತು.

"ನಮ್ಮ ಗಾಡೀಲಿ ಒಂದು ಕೊರೆ ಇಲ್ಲ ಬೀಗರೇ. ಹೂ ಎತ್ತಿದಂಗೆ ಕರ್ಕೊಂಡೋಯ್ತೀನಿ."

ಸುಣ್ಣ ಆಗ ಇನ್ನೂ ಅಂಗಡಿಯಲ್ಲಿತ್ತು. ಊರಿಗೆ ಬಂದವನೇ ತಂದು ಹೊಡೆಸಿದ. ತೊಟ್ಟಿಲು ಕಟ್ಟುವ ಹಗ್ಗ ತಂದ. ಊರಿಗೆಲ್ಲ ಬಾಣಂತನ ಮಾಡಿ ಕೈ ಸವೆಸಿದ ಮುದ್ದಮ್ಮನ ಮನೆಗೆ ಹೋಗಿ ಜಗಲಿಯ ಕೆಳಗೆ ಶಾಲೆ ಹುಡುಗನ ಹಾಗೆ ಕೂತು ಪಾಠ ಹೇಳಿಸಿಕೊಂಡ. ಮೆಣಸಿನ ಸಾರಿಗೆ ಬೆಳ್ಳುಳ್ಳಿ ಎಷ್ಟು, ನೀರು ಹುಯ್ಯುವಾಗ ಬೆನ್ನಿಗೆ ಮೊದಲೋ ಹೊಟ್ಟೆಗೆ ಮೊದಲೋ, ಸಾಂಬ್ರಾಣಿ ಹೊಗೆ ಎಷ್ಟು ಹೊತ್ತು. ಕಬ್ಬಿಗೆ ನೀರು ಕಟ್ಟುವಾಗ ಅದನ್ನೇ ಬಾಯಿಪಾಠ ಮಾಡುತ್ತಾ ತಿರುಗುವುದನ್ನು ಕೇಳಿದ ಪಕ್ಕದ ಗದ್ದೆಯವರು, ಚಿಕ್ಕಣ್ಣ ಯಾವುದೋ ವ್ರತ ಹಿಡಿದಿದ್ದಾನೆ ಎಂದುಕೊಂಡರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಸಾವಿನ ವರ್ಷ ಹಬ್ಬವಿಲ್ಲ. ಇದು ಕಾರ್ಯ ಕಳೆದ ಮೇಲಿನ ಮೊದಲ ಹಬ್ಬ. ಚಿಕ್ಕಬೋರಮ್ಮ ಇದ್ದಾಗ ಹಬ್ಬದ ಹಿಂದಿನ ದಿನ ಮನೆಯಲ್ಲಿದ್ದ ಕಬ್ಬಿಣಕ್ಕೆಲ್ಲ ಅವಳೇ ಎಣ್ಣೆ ಮುಟ್ಟಿಸುತ್ತಿದ್ದಳು. ಕಬ್ಬಿಣಕ್ಕೂ ಹೊಟ್ಟೆ ಇರುತ್ತದೆ ಎನ್ನುತ್ತಿದ್ದಳು. ಈ ಸಲ ಆ ಕೆಲಸ ಚಿಕ್ಕಣ್ಣ ಮಾಡಿದ. ಕುಡುಗೋಲು, ಮಚ್ಚು, ಹೊಲಿಗೆ ಮಿಷನ್ನು, ಬಾಗಿಲ ಕೀಲು, ಪಂಪ್‌ಸೆಟ್ಟು, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಕಾರಿನ ಬಾನೆಟ್ಟು ಎತ್ತಿ ಅಲ್ಲಿಯೂ ಹಸಿದವರು ಯಾರಾದರೂ ಇದ್ದಾರೆಯೇ ಎಂದು ನೋಡಿ, ಮೂಲೆಯಲ್ಲಿ ಸ್ವಲ್ಪ ಖಾಲಿ ಕಂಡ ಒಂದು ಪುಟ್ಟ ಬಾಟಲಿಗೆ ಪಂಪ್‌ಸೆಟ್ಟಿನ ಎಣ್ಣೆಯನ್ನೇ ಧಾರಾಳವಾಗಿ ತುಂಬಿಸಿ, ಮುಚ್ಚಳಕ್ಕೆ ಕುಂಕುಮವಿಟ್ಟು ಕೈಮುಗಿದ.

ಹಬ್ಬ ಕಳೆದ ಕೆಲವು ದಿನಕ್ಕೆ ಕಾರು ಜಗ್ಗತೊಡಗಿತು. ಬೆಳಿಗ್ಗೆ ತಣ್ಣಗಿರುವಾಗ ಸರಿಯಾಗಿರುವುದು. ಸ್ವಲ್ಪ ದೂರ ಹೋದರೆ ಭಾರವಾಗುವುದು. ಇನ್ನೂ ಸ್ವಲ್ಪ ಹೋದರೆ ಕೂದಲು ಸುಟ್ಟ ವಾಸನೆ ಬಂದು ನಿಂತೇ ಬಿಡುವುದು. ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿದರೂ ಅಲ್ಲಾಡುತ್ತಿರಲಿಲ್ಲ.

ಮೊದಲು ಪರೀಕ್ಷೆಗೆ ಬಂದವನು ನೆರೆಮನೆಯ ಮಹದೇವು. ಬಸ್ಸಿನ ಕಂಡಕ್ಟರಾಗಿ ಆಯುಷ್ಯವೆಲ್ಲ ಡ್ರೈವರುಗಳ ಬೆನ್ನು ನೋಡಿದ್ದರಿಂದ ಅವನಿಗೆ ವಾಹನಗಳ ಅಂತರಂಗ ತಿಳಿದಿತ್ತು. ಟೈರಿಗೆ ಒದ್ದು ಗಾಳಿ ಕಮ್ಮಿ ಎಂದ, ಗಾಳಿ ಹಿಡಿಸಿದ್ದಾಯಿತು. ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದ. ಬಸಿದು ಬೇರೆ ಹಾಕಿಸಿದ್ದಾಯಿತು. ಮೂರನೆಯ ಸಲ ಹಿಂದಿನ ಸೀಟಿನಲ್ಲಿ ತಾನೇ ಕೂತು, ಬಾಗಿಲು ಬಡಿದು, "ರೈಟ್, ಓಗ್ಲಿ" ಎಂದು ಅಪ್ಪಣೆ ಕೊಟ್ಟ. ಕಾರು ಹೋಗಲಿಲ್ಲ. ತನ್ನ ಜೀವಮಾನದಲ್ಲಿ ರೈಟ್ ಎಂದ ಮೇಲೂ ಹೋಗದ ಗಾಡಿಯನ್ನು ಮಹದೇವು ಕಂಡಿರಲಿಲ್ಲ. ಇಳಿದು ಹೋದವನು ಎರಡು ದಿನ ಹೊರಗೆ ಕಾಣಿಸಲಿಲ್ಲ.

ಆಮೇಲೆ ಅಂಕಮ್ಮ ಬಂದಳು. ಚಿಕ್ಕಣ್ಣನಿಗಿಂತ ದೊಡ್ಡವಳು, ಗಂಡನನ್ನು ಕಳೆದುಕೊಂಡು ಅದೇ ಬೀದಿಯಲ್ಲಿ ಇದ್ದವಳು. ಮಗುವಿನ ಹಣೆ ಮುಟ್ಟುವ ಹಾಗೆ ಮುಂದಿನ ಎಡಗಾಲಿ ಮುಟ್ಟಿದಳು, ಕೈ ಚುರುಕ್ಕೆಂದಿತು. ಸೆರಗಿಗೆ ಬೆರಳು ಒರೆಸಿಕೊಂಡು ತೀರ್ಪು ಕೊಟ್ಟಳು.

"ಇದು ಗಾಡಿ ರೋಗ ಅಲ್ಲ ಕಣ್ಲಾ. ಬದುಕಿದ್ದಾಗ ಅವಳ್ನ ಈ ಗಾಡೀಲಿ ಎಲ್ಗ್ಲಾ ಕರ್ಕೊಂಡೋಗಿದ್ದೆ? ಮಂಡ್ಯದ ಆಸ್ಪತ್ರೆಗೆ. ಅದು ಬುಟ್ರೆ ಇನ್ನೆಲ್ಗೆ? ಈಗ ಮಗಳ್ನ ಕರ್ಕೊಂಬರಕೆ ಯೋಳ್ದೆ ಕೇಳ್ದೆ ಒಬ್ನೇ ಒಂಟ್ರೆ, ಅವಳು ಗಾಲಿ ಹಿಡ್ಕೊಳ್ದೆ ಇನ್ನೇನ್ ಮಾಡಾಳು?"

ಗಾಡಿಯಲ್ಲಿ ಒಂದು ಕೊರೆ ಇಲ್ಲ ಎಂದ ಚಿಕ್ಕಣ್ಣ. ಆದರೆ ಆ ದಿನದಿಂದ ಕಾರಿನ ಎಡಗಡೆಯ ಮುಂದಿನ ಗಾಲಿಯ ಪಕ್ಕ ನಿಂತು ಅವನು ಬೀಡಿ ಹಚ್ಚುವುದನ್ನು ಬಿಟ್ಟ. ಚಿಕ್ಕಬೋರಮ್ಮನಿಗೆ ಬೀಡಿ ಹೊಗೆ ಆಗುತ್ತಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಕಾರು ತಣ್ಣಗಿತ್ತು. ಮಡಿಲಕ್ಕಿ, ಹಸಿರು ಬಳೆ, ಸೀರೆ, ತೆಂಗಿನಕಾಯಿ ತುಂಬಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂಕಮ್ಮ ಹಿಂದೆ ಕೂತಳು. ಮಧ್ಯಾಹ್ನ ರಾಹುಕಾಲ ಹುಟ್ಟುವುದರೊಳಗೆ ಮಗಳನ್ನು ಹೊರಡಿಸಬೇಕು, ತಪ್ಪಿದರೆ ಯೋಚನೆ ಮಾಡಬೇಕಾಗುತ್ತದೆ ಎಂದು ಜಯಪ್ರಕಾಶ್ ಫೋನಿನಲ್ಲಿ ನೋಟೀಸು ಕೊಟ್ಟಿದ್ದರು. ಯೋಚನೆ ಎಂದರೆ ಏನು ಎಂಬುದು ಚಿಕ್ಕಣ್ಣನಿಗೆ ಗೊತ್ತಿತ್ತು. ಅವರು ಯೋಚಿಸಿದರೆ ದೀಪಿಕ ಅಲ್ಲೇ ಉಳಿಯುತ್ತಾಳೆ. ಸುಣ್ಣ ಹೊಡೆದ ನಡುಮನೆ ಹಾಗೇ ಉಳಿಯುತ್ತದೆ.

ಮದ್ದೂರು ದಾಟಿ ಮಳವಳ್ಳಿ ರಸ್ತೆ ಹಿಡಿಯುವ ತನಕ ತೊಂದರೆಯಿರಲಿಲ್ಲ. ಆಮೇಲೆ ಕಾರು ಭಾರವಾಯಿತು. ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಫ್ಯಾಕ್ಟರಿಗೆ ಹೊರಟಿದ್ದ ಟ್ರ್ಯಾಕ್ಟರು ಅವರನ್ನು ಹಿಂದೆ ಹಾಕಿತು. ಸ್ವಲ್ಪ ಹೊತ್ತಿಗೆ ಒಂದು ಎತ್ತಿನ ಗಾಡಿ ಹಿಂದೆ ಹಾಕಿತು. ಗಾಡಿಯವನು ಸೌಜನ್ಯಕ್ಕೆ ಕೈ ಎತ್ತಿದ. ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಕಾರು ಕಬ್ಬಿನ ಗದ್ದೆಯ ಬದಿಯಲ್ಲಿ ನಿಂತಿತು.

ಅಂಕಮ್ಮ ಬುಟ್ಟಿ ಕೆಳಗಿಟ್ಟು ಇಳಿದು, ಎಡಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಮೊದಲು ಬೈದಳು. ಮಗಳ ಶುಭಕಾರ್ಯಕ್ಕೆ ಅಡ್ಡ ಬರುವ ತಾಯಿಯನ್ನು ಎಲ್ಲೂ ಕಾಣೆ ಎಂದಳು. ಆಮೇಲೆ ಅವಳಿಗೇ ಅಯ್ಯೋ ಅನ್ನಿಸಿ ಮಾತು ಬದಲಿಸಿ, ಒಂದು ವರ್ಷದಿಂದ ಊರಿನಲ್ಲಿ ಏನೇನಾಯಿತು ಎಂದು ಹೇಳತೊಡಗಿದಳು: ಮುದ್ದಮ್ಮನ ಎಮ್ಮೆ ಕರು ಹಾಕಿದ್ದು, ಮಹದೇವು ಹಲ್ಲು ಕಟ್ಟಿಸಿಕೊಂಡದ್ದು, ಬೋರ್‌ವೆಲ್ಲಿನ ನೀರು ಉಪ್ಪಾದದ್ದು, ಚಿಕ್ಕಣ್ಣ ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದು. ಕಬ್ಬು ಕಡಿಯುತ್ತಿದ್ದವರು ಕತ್ತಿ ಹಿಡಿದೇ ಬಂದು ಸುತ್ತ ನಿಂತರು. ಸುದ್ದಿಯೆಲ್ಲ ಮುಗಿದ ಮೇಲೆ ಅಂಕಮ್ಮ ಬಾಟಲಿಯ ನೀರನ್ನು ಗಾಲಿಗೆ ಚಿಮುಕಿಸಿದಳು. ಬುಸ್ಸೆಂದು ಹಬೆ ಎದ್ದಿತು.

"ನೋಡ್ಲಾ, ಉಸಿರ್ ಬುಟ್ಲು."

ಕಾರು ಹೊರಟಿತು. ಅಷ್ಟು ಹೊತ್ತು ನಿಂತಿದ್ದರೆ ಯಾವ ಗಾಲಿಯಾದರೂ ತಣ್ಣಗಾಗುತ್ತಿತ್ತು ಎಂದು ಹೇಳುವವರು ಆ ಗುಂಪಿನಲ್ಲಿ ಇರಲಿಲ್ಲ. ಇದ್ದವರೆಲ್ಲ ಕೈಮುಗಿದರು. ಒಬ್ಬ ಲಾರಿ ಡ್ರೈವರು ತನ್ನ ಕ್ಲಚ್ಚಿಗೂ ಒಂದು ಮಾತು ಹೇಳಬೇಕೆಂದು ಅಂಕಮ್ಮನನ್ನು ಕೇಳಿಕೊಂಡ.

ಭಾರತೀನಗರದ ಈಚೆಗೆ ಎರಡನೆಯ ಸಲ ನಿಂತಾಗ ಅಂಕಮ್ಮನ ಹತ್ತಿರ ಸುದ್ದಿ ಮುಗಿದಿತ್ತು; ಆಣೆ ಹಾಕುವುದಷ್ಟೇ ಉಳಿದಿತ್ತು. ಅದೇ ಹೊತ್ತಿಗೆ ಜಯಪ್ರಕಾಶರ ಫೋನು ಬಂತು. ಬಂದೇ ಬಿಟ್ಟೆವು ಎಂದ ಚಿಕ್ಕಣ್ಣ. ಹಿಂದೆ ಯಾರದು ಗಲಾಟೆ ಎಂದು ಅವರು ಕೇಳಿದರು.

"ನಮ್ಮಕ್ಕ. ನಮ್ಮನೆಯೋಳ ಜೊತೆ ಮಾತಾಡ್ತಾವ್ಳೆ."

ಕಾರ್ಯದರ್ಶಿಗಳ ಸೇವಾವಧಿಯಲ್ಲಿ ಇಂಥ ಅರ್ಜಿ ಬಂದಿರಲಿಲ್ಲ. ಆಮೇಲೆ ಅವರು, ಗಾಡಿ ನಿಧಾನವಾಗಿ ಓಡಿಸಿಕೊಂಡು ಬನ್ನಿ ಎಂದು ಬಹಳ ಮೆತ್ತಗೆ ಹೇಳಿ ಇಟ್ಟರು. ನಿಧಾನದ ವಿಷಯದಲ್ಲಿ ಅವರು ಹೇಳಬೇಕಾದ್ದೇನೂ ಇರಲಿಲ್ಲ.

ಮೂರನೆಯ ಸಲ ನಿಂತದ್ದು ಫ್ಯಾಕ್ಟರಿಯ ದಾರಿಗೆ ಅಡ್ಡಲಾಗಿ. ಹಿಂದೆ ಕಬ್ಬಿನ ಗಾಡಿಗಳ ಸಾಲು ಬೆಳೆಯಿತು, ಹಾರನ್ನುಗಳು ಒದರಿದವು. ಎಂಟು ಜನ ಸೇರಿ ಕಾರನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಎತ್ತಿ, ಎದುರಿನ ಗಫಾರ್ ಸಾಬರ ಗ್ಯಾರೇಜಿಗೆ ಹಾಕಿದರು.

ಗಫಾರ್ ವಾಸನೆ ಹಿಡಿದೇ ಬ್ರೇಕು ಹಿಡಿದುಕೊಂಡಿದೆ ಎಂದರು. ಮುಂದಿನ ಎಡಗಾಲಿಯನ್ನು ಜಾಕಿಗೆ ಎತ್ತಿ ಎರಡು ಕೈಯಲ್ಲಿ ತಿರುಗಿಸಿದರೂ ತಿರುಗಲಿಲ್ಲ. ಗಾಲಿಯ ಹಿಂದೆ ಬಗ್ಗಿ ನೋಡಿ, ಬ್ರೇಕು ಒತ್ತುವ ಪಿಸ್ಟನ್ನು ತುಕ್ಕು ಹಿಡಿದು ಸಿಕ್ಕಿಕೊಂಡಿದೆ ಎಂದು ಧೈರ್ಯವಾಗಿ ಹೇಳಿ ಸುತ್ತಿಗೆ ಎತ್ತಿಕೊಂಡರು.

"ಒಡೀಬ್ಯಾಡ ಕಣಪ್ಪ," ಎಂದಳು ಅಂಕಮ್ಮ. "ಅವಳು ಆ ಕಡೇನೇ ಅವ್ಳೆ."

ಯಾರು ಎಂದು ಗಫಾರ್ ಕೇಳಿದರು. ಅಂಕಮ್ಮ ಹೇಳಿದಳು. ಗಫಾರ್ ಸುತ್ತಿಗೆ ಕೆಳಗಿಟ್ಟು, ಒಂದು ಗಳಿಗೆ ತಲೆ ತಗ್ಗಿಸಿ, ಅಲ್ಲಾ ಅವರಿಗೆ ಒಳ್ಳೇದು ಮಾಡಲಿ ಎಂದರು. ಆಮೇಲೆ ಮಿಕ್ಕ ಗಾಲಿಗಳನ್ನು ಮುಟ್ಟಿ ನೋಡಿ ಬಂದರು.

"ಅಕ್ಕ, ನಾಕೂ ಗಾಲಿ ಬಿಸಿ ಅದೆ. ಅವ್ರು ಒಬ್ರೇ ನಾಕೂ ಹೆಂಗೆ ಹಿಡೀತಾರೆ?"

"ನೀನು ಅವಳ್ನ ನೋಡಿಲ್ಲ. ಮದ್ವೆ ಮನೇಲಿ ನಾಕು ಒಲೆ ಒಬ್ಳೇ ನೋಡ್ಕೊಳೋಳು."

ನಾಲ್ಕು ಗಾಲಿಗೂ ಒಂದೇ ದಿನ ತುಕ್ಕು ಹಿಡಿಯುವುದಿಲ್ಲ ಎಂಬುದು ಗಫಾರರಿಗೆ ಹೊಳೆಯಿತು. ಗಾಲಿಯ ಹಿಂದೆ ಗಾಳಿ ತೆಗೆಯುವ ಪುಟ್ಟ ತಿರುಪನ್ನು ಸ್ವಲ್ಪ ಸಡಿಲಿಸಿದರು. ಎಣ್ಣೆ ಪಿಚಕಾರಿಯಂತೆ ಚಿಮ್ಮಿ ಅವರ ಅಂಗಿಗೆ ಹಾರಿತು. ತಟ್ಟನೆ ಗಾಲಿ ಹಗುರಾಗಿ ತಿರುಗಿತು. ಹಾಗಾದರೆ ಗಾಲಿಯಲ್ಲಿ ದೋಷವಿಲ್ಲ. ಕಾಲು ಎತ್ತಿದ ಮೇಲೂ ಒತ್ತಡ ವಾಪಸು ಹೋಗದೆ ಪೈಪಿನಲ್ಲೇ ಸಿಕ್ಕಿಬಿದ್ದಿದೆ. ಬಿಸಿಯಾದಷ್ಟೂ ಬಿಗಿಯುತ್ತದೆ, ಆರಿದರೆ ಬಿಡುತ್ತದೆ ಎಂದು ವಿವರಿಸುತ್ತಾ ಬಾನೆಟ್ಟು ಎತ್ತಿದರು. ಮೂಲೆಯ ಪುಟ್ಟ ಬಾಟಲಿಯ ಮುಚ್ಚಳದ ಮೇಲೆ ಕುಂಕುಮವಿತ್ತು. ತೆಗೆದರೆ ಒಳಗಿನ ರಬ್ಬರು ಕರಿದ ಹಪ್ಪಳದ ಹಾಗೆ ಉಬ್ಬಿತ್ತು. ಬೆರಳು ಅದ್ದಿ ಮೂಸಿದರು.

"ಬ್ರೇಕಿಗೆ ಎಂಜಿನ್ ಆಯಿಲ್ ಯಾರು ಕುಡಿಸಿದ್ದು ಯಜಮಾನ್ರೇ?"

ಚಿಕ್ಕಣ್ಣ ಫ್ಯಾಕ್ಟರಿಯ ಚಿಮಣಿಯ ಹೊಗೆ ನೋಡುತ್ತಿದ್ದ. "ಅವಳಾಗಿದ್ರೆ ಯಾವುದಕ್ಕೆ ಎಷ್ಟು ಅಂತ ಗೊತ್ತಿರೋದು," ಎಂದ.

ಆ ಎಣ್ಣೆ ತಾಗಿದ ರಬ್ಬರೆಲ್ಲ ಊದಿಕೊಂಡು ಎಣ್ಣೆ ಹಿಂದಿರುಗುವ ದಾರಿಯನ್ನೇ ಮುಚ್ಚಿತ್ತು. ಒಂದನ್ನು ಬದಲಿಸಿ ಒಂದನ್ನು ಉಳಿಸುವಂತಿರಲಿಲ್ಲ. ಗಫಾರ್ ಮೇಲಿನ ಸಿಲಿಂಡರಿನಿಂದ ನಾಲ್ಕು ಗಾಲಿಯವರೆಗೆ ಎಲ್ಲ ಬಿಚ್ಚಿ, ಪೈಪು ತೊಳೆದು, ಹೊಸ ರಬ್ಬರು ಕೂರಿಸಿ, ಸರಿಯಾದ ಎಣ್ಣೆ ತುಂಬಿದರು. ಚಿಕ್ಕಣ್ಣ ಒಳಗೆ ಕೂತು ಅವರು ಹೇಳಿದಂತೆ ಪೆಡಲು ಒತ್ತಿ, ಬಿಟ್ಟು ಮಾಡಿದ. ರಾಹುಕಾಲ ಹುಟ್ಟಿತು, ಬೆಳೆಯಿತು, ಮುಗಿಯಿತು. ಜಯಪ್ರಕಾಶರ ಫೋನು ಜೇಬಿನಲ್ಲಿ ಗುರುಗುಟ್ಟಿ ಗುರುಗುಟ್ಟಿ ಸುಮ್ಮನಾಯಿತು.

ಕೊನೆಗೆ ಗಫಾರ್ ಎಡಗಾಲಿಯನ್ನು ಒಂದು ಬೆರಳಿನಿಂದ ತಿರುಗಿಸಿದರು. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಅದು ತಾನಾಗಿ ನಿಲ್ಲುವ ತನಕ ಅಂಕಮ್ಮ ನೋಡಿದಳು. ಆಮೇಲೆ "ಔದಾ" ಎಂದಷ್ಟೇ ಅಂದು, ಸೆರಗು ತಲೆಯ ಮೇಲೆಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಅಲ್ಲಿಂದ ಮಳವಳ್ಳಿಯವರೆಗೆ ಕಾರು ನಿಜಕ್ಕೂ ಹೂ ಎತ್ತಿದ ಹಾಗೆ ಓಡಿತು.

ಬೀಗರ ಮನೆಯ ಮುಂದೆ ಜಯಪ್ರಕಾಶ್ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಸ್ಥಳ ಪರಿಶೀಲನೆ ಮಾಡಿದರು. ಬೆಳಿಗ್ಗೆ ಹೊರಟವರು ಇಷ್ಟು ಹೊತ್ತಿಗೆ ಬಂದದ್ದೇಕೆ ಎಂದರು. ಗಾಡಿಯಲ್ಲಿ ಒಂದು ಕೊರೆ ಇಲ್ಲ, ದಾರಿಯಲ್ಲಿ ಕಬ್ಬಿನ ಗಾಡಿಗಳು ಎಂದ ಚಿಕ್ಕಣ್ಣ. ಅಳಿಯ ರಘುನಂದನ್ ಕರೆಂಟಿನ ಲೈನು ಕೆಲಸದಲ್ಲಿದ್ದವನು, ಡ್ಯೂಟಿಗೆ ಹೋಗಿದ್ದ. ದೀಪ ಹಚ್ಚುವ ಮೊದಲು ಹೊರಟರೆ ಅಡ್ಡಿಯಿಲ್ಲ ಎಂದು ಬೀಗಿತಿ ರೂಪ ನಡುವೆ ಬಂದು ಮಾತು ಮುಗಿಸಿದರು. ಆಕೆ ಅಂಗನವಾಡಿ ನಡೆಸುವವರು. ಸ್ಕೂಟರಿನಲ್ಲಿ ಸುತ್ತಿನ ಹಳ್ಳಿಯನ್ನೆಲ್ಲ ತಿರುಗುವವರು. ಮಕ್ಕಳ ಜಗಳ ಬಿಡಿಸಿ ಅಭ್ಯಾಸವಿತ್ತು.

ಊಟವಾಯಿತು. ದೀಪಿಕಳನ್ನು ಮಣೆಯ ಮೇಲೆ ಕೂರಿಸಿದರು. ಬೀದಿಯ ಹೆಂಗಸರೆಲ್ಲ ಬಂದು ಕೂತ ಮೇಲೆ ಒಬ್ಬಾಕೆ, ತವರಿನ ಕಡೆಯಿಂದ ಮಡಿಲು ತುಂಬುವ ಮುತ್ತೈದೆ ಯಾರು ಎಂದು ಕೇಳಿದಳು. ಮೆಣಸು, ಬೆಳ್ಳುಳ್ಳಿ, ಸಾಂಬ್ರಾಣಿ ಎಲ್ಲ ಕಲಿತಿದ್ದ ಚಿಕ್ಕಣ್ಣ ಇದೊಂದನ್ನು ಯೋಚಿಸಿರಲಿಲ್ಲ. ಬುಟ್ಟಿ ಹಿಡಿದು ನಿಂತಿದ್ದ ಅಂಕಮ್ಮ ಅದನ್ನು ಕೆಳಗಿಟ್ಟು, ಯಾರೂ ಹೇಳದೆಯೇ ಬಾಗಿಲ ಆಚೆಗೆ ಸರಿದಳು. ರೂಪ ಬುಟ್ಟಿ ಎತ್ತಿಕೊಂಡು, ತವರಿನ ಅಕ್ಕಿಯನ್ನು ತಾವೇ ಸೊಸೆಯ ಮಡಿಲಿಗೆ ಸುರಿದರು. ದೀಪಿಕ ಸೆರಗು ಹಿಡಿದುಕೊಂಡಿದ್ದಳು. ಅಷ್ಟು ಹೊತ್ತೂ ಅವಳು ಅಪ್ಪನ ಮುಖ ನೋಡಿರಲಿಲ್ಲ.

ಹೊತ್ತು ಇಳಿಯುತ್ತಿರುವಾಗ ಅವಳನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಅಂಕಮ್ಮ ಖಾಲಿ ಬುಟ್ಟಿ ಹಿಡಿದು ಹಿಂದೆ ಹತ್ತಿದಳು. ಬೀದಿ ಎರಡು ಬದಿಗೂ ಸಾಲಾಗಿ ನಿಂತಿತು. ರೂಪ ಆರತಿ ಎತ್ತಿ ದೃಷ್ಟಿ ತೆಗೆದು ಕಾರಿನ ಹಿಂದಕ್ಕೆ ಸರಿದರು. ಚಿಕ್ಕಣ್ಣ ಕೀ ತಿರುಗಿಸಿದ. ಎಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು.

"ಅಪ್ಪ, ಗಾಡಿ ತಗೀಬ್ಯಾಡ," ಎಂದಳು ದೀಪಿಕ. ಕಿಟಕಿಯ ಹೊರಗಿನವರಿಗೆ ಕೈ ಬೀಸುತ್ತಲೇ ಇದ್ದಳು. ಮುಖದಲ್ಲಿ ನಗು ಹಾಗೇ ಇತ್ತು. "ನಂಗೆ ಆ ಮನೇಗ್ ಬರಾಕಾಗಕಿಲ್ಲ. ವರ್ಸದ ಕಾರ್ಯಕ್ಕೆ ಬಂದಾಗ ನಿದ್ದೆನೇ ಬರ್ನಿಲ್ಲ. ಬಾಗ್ಲು ಸದ್ದಾದಾಗೆಲ್ಲ ಅವ್ವ ಬಂದ್ಲು ಅಂತ ಎದ್ ಕೂರ್ತಿದ್ದೆ."

"ಮೊದ್ಲೇ ಯೋಳಕ್ಕೇನಾಗಿತ್ತು ಮಗ?"

"ನಡುಮನೆಗೆ ಸುಣ್ಣ ಒಡ್ಸಿವ್ನಿ ಅಂದ್ಯಲ್ಲ."

ಹಿಂದಿನ ಸೀಟಿನಲ್ಲಿ ಅಂಕಮ್ಮನ ಬಳೆಯಿಲ್ಲದ ಕೈ ಬುಟ್ಟಿಯ ಅಂಚನ್ನು ಹಿಡಿದುಕೊಂಡಿತು. ತಾನಾಗಿ ತವರಿಗೆ ಒಲ್ಲೆನೆಂದ ಬಸುರಿಯ ಬಗ್ಗೆ ಆ ಬೀದಿ ಏನನ್ನುತ್ತದೆ, ಅವಳಪ್ಪನ ಬಗ್ಗೆ ಏನನ್ನುತ್ತದೆ ಎಂಬುದನ್ನು ಕಾರಿನೊಳಗಿದ್ದ ಮೂವರಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕಣ್ಣ ಎಂಜಿನ್ನು ಆರಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಬೀಗರೇ, ಬ್ರೇಕು ಹಿಡ್ಕೊಂಡ್ಬುಟ್ಟದೆ. ನನ್ ಗಾಡಿ ಸರಿ ಇಲ್ಲ."

ಜಯಪ್ರಕಾಶರಿಗೆ ಇಂಥ ದಿನ ಬರುತ್ತದೆಂದು ಗೊತ್ತಿತ್ತು. ಇಷ್ಟು ಬೇಗ ಬರುತ್ತದೆಂದು ಗೊತ್ತಿರಲಿಲ್ಲ. ಅವರು ಮೆಟ್ಟಿಲಿನ ಮೇಲೆ ನಿಂತು, ಹಳೆಯ ಗಾಡಿ, ಹಠ, ಬಸುರಿ ಹೆಂಗಸಿನ ಜೀವ ಎಂಬ ಮೂರು ವಿಷಯದ ಮೇಲೆ ಬೀದಿಯನ್ನುದ್ದೇಶಿಸಿ ಮಾತಾಡಿದರು. ಚಿಕ್ಕಣ್ಣ ಒಂದೊಂದು ಮಾತಿಗೂ ಹೌದು ಹೌದು ಎಂದು ತಲೆ ಆಡಿಸಿದ. ನಿಜವಾಗಿಯೂ ಹಿಡಿದುಕೊಂಡಿದೆಯೋ ಎಂದು ನೋಡಲು ತಳ್ಳಬೇಕೆಂದು ತೀರ್ಮಾನವಾಯಿತು. ಬೀದಿಯ ಗಂಡಸರು ಪಂಚೆ ಎತ್ತಿ ಕಟ್ಟಿ, ಕಾರಿನ ಹಿಂದಕ್ಕೆ ಹೋಗಿ ಹೆಗಲು ಕೊಟ್ಟು ತಲೆ ಬಗ್ಗಿಸಿ ತಳ್ಳಿದರು. ಕಾರು ಅಲುಗಾಡಲಿಲ್ಲ. ಉಸಿರು ಹಿಡಿದು ಇನ್ನೊಂದು ಸಲ ತಳ್ಳಿ, ಕಲ್ಲುಗುಂಡು ಇದ್ದಂಗದೆ ಎಂದರು. ಚಿಕ್ಕಣ್ಣ ಸ್ಟೀರಿಂಗನ್ನು ಎರಡು ಕೈಯಲ್ಲೂ ಹಿಡಿದು ನೇರವಾಗಿ ಎದುರಿಗೆ ನೋಡುತ್ತಿದ್ದ. ಕುತ್ತಿಗೆಯ ನರ ಉಬ್ಬಿತ್ತು.

ತಳ್ಳುವವರ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ರೂಪ ಕಾರಿನ ಹಿಂಭಾಗವನ್ನೇ ನೋಡುತ್ತಿದ್ದರು. ಎರಡು ಬದಿಯ ಕೆಂಪು ದೀಪಗಳೂ ಉರಿಯುತ್ತಿದ್ದವು. ಸ್ಕೂಟರು ಓಡಿಸುವ ಹೆಂಗಸಿಗೆ ಆ ದೀಪ ಯಾವಾಗ ಉರಿಯುತ್ತದೆಂದು ಗೊತ್ತು. ಆಕೆ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಮುಂದೆ ಬಂದು, ಸೊಸೆಯ ಬಾಗಿಲು ತೆಗೆದು, ಇಳಿ ಮಗಳೇ, ಎಲ್ಲ ಇಲ್ಲೇ ಆಗಲಿ ಎಂದು ಕೈಹಿಡಿದು ಒಳಗೆ ಕಳಿಸಿದರು. ಬೀದಿ ಚದುರಿತು. ಜಯಪ್ರಕಾಶ್ ಮೆಕ್ಯಾನಿಕ್ಕಿನ ನಂಬರು ಹುಡುಕಲು ಒಳಗೆ ಹೋದರು. ರೂಪ ಕಾರನ್ನು ಸುತ್ತಿಕೊಂಡು ಈ ಕಡೆಯ ಕಿಟಕಿಗೆ ಬಂದು ಬಗ್ಗಿದರು.

"ಕಾಲು ತಗೀರಿ ಅಣ್ಣ," ಎಂದರು ಮೆಲ್ಲಗೆ. "ತಳ್ಳೋರು ಆಗ್ಲೇ ಒಂಟೋದ್ರು."